ಮಿದುಳಿನ ಅಲೆಗಳನ್ನು ಕಂಡ ಹ್ಯಾನ್ಸ್ ಬರ್ಗರ್

ಹೃದಯವು ಬಡಿಯುವುದನ್ನು ಎದೆಯ ಮೇಲೆ ಕೈಯಿಟ್ಟು ತಿಳಿಯಬಹುದು. ಉಸಿರಾಟವನ್ನು ಕಣ್ಣಿನಿಂದಲೇ ಕಾಣಬಹುದು. ಆದರೆ ಮಿದುಳು ಕೆಲಸ ಮಾಡುವುದನ್ನು ಹೊರಗಿನಿಂದ ಅರಿಯುವ ಬಗೆ ಯಾವುದು? ಗಟ್ಟಿಯಾದ ತಲೆಬುರುಡೆಯೊಳಗೆ ಅದು ಸದ್ದಿಲ್ಲದೆ ಅಡಗಿ ಕುಳಿತಿದೆ. ಎಚ್ಚರವಾಗಿರುವ ಮನುಷ್ಯನ ಮಾತು, ನೋಟ, ನಡೆಗಳಿಂದ ಅವನ ಮಿದುಳಿನ ಸ್ಥಿತಿಯನ್ನು ಸ್ವಲ್ಪಮಟ್ಟಿಗೆ ಊಹಿಸಬಹುದು. ಪ್ರಜ್ಞೆ ತಪ್ಪಿ ಮಲಗಿರುವವನ ವಿಷಯದಲ್ಲಿ ಆ ಊಹೆಗೂ ಅವಕಾಶವಿಲ್ಲ. ಅವನು ಕರೆದರೆ ಓಗೊಡುವುದಿಲ್ಲ, ಚಿವುಟಿದರೆ ಕಣ್ತೆರೆಯುವುದಿಲ್ಲ. ಅವನ ತಲೆಯೊಳಗೆ ಏನು ನಡೆಯುತ್ತಿದೆ ಎಂಬುದನ್ನು ತಿಳಿಯಲು ಶತಮಾನಗಳ ಕಾಲ ವೈದ್ಯರಿಗೆ ದಾರಿಯೇ ಇರಲಿಲ್ಲ. ಆ ದಾರಿಯನ್ನು ತೆರೆದವರು ಜರ್ಮನಿಯ ವೈದ್ಯ ಹ್ಯಾನ್ಸ್ ಬರ್ಗರ್. ಅವರ ಸಾಧನೆ ದೊಡ್ಡದು. ಅವರ ಬಾಳಿನಲ್ಲಿ ಕಪ್ಪು ನೆರಳೂ ಉಂಟು. ಎರಡನ್ನೂ ಅರಿತಾಗಲೇ ಅವರ ಜೀವನದ ಪಾಠ ಪೂರ್ಣವಾಗುತ್ತದೆ.

ಹ್ಯಾನ್ಸ್ ಬರ್ಗರ್ 1873ರ ಮೇ 21ರಂದು ಜರ್ಮನಿಯ ಕೋಬರ್ಗ್ ನಗರದ ಬಳಿಯ ನಾಯ್ಸೆಸ್ ಎಂಬ ಊರಿನಲ್ಲಿ ಜನಿಸಿದರು. ತಂದೆ ವೈದ್ಯರು. ತಾಯಿಯ ತಂದೆ ಫ್ರೀಡ್ರಿಕ್ ರ್ಯುಕರ್ಟ್ ಪ್ರಸಿದ್ಧ ಕವಿ. ಪೂರ್ವದೇಶಗಳ ಅನೇಕ ಭಾಷೆಗಳನ್ನು ಬಲ್ಲ ಪಂಡಿತ. ಮಹಾಭಾರತದ ನಳದಮಯಂತಿಯರ ಕಥೆಯನ್ನೂ ಜಯದೇವನ ಗೀತಗೋವಿಂದವನ್ನೂ ಜರ್ಮನ್ ಭಾಷೆಗೆ ತಂದ ಕೀರ್ತಿ ಅವರದು. ಒಂದು ಕಡೆ ವೈದ್ಯವಿದ್ಯೆ, ಇನ್ನೊಂದು ಕಡೆ ಕಾವ್ಯ — ಹೀಗೆ ಎರಡು ಪರಂಪರೆಗಳು ಕೂಡಿದ ಮನೆತನದಲ್ಲಿ ಬಾಲಕ ಹ್ಯಾನ್ಸ್ ಬೆಳೆದನು. ಕೋಬರ್ಗಿನ ಶಾಲೆಯಲ್ಲಿ ವಿದ್ಯಾಭ್ಯಾಸ ಮುಗಿಸಿದ ಆತನಿಗೆ ಆಗ ವೈದ್ಯನಾಗುವ ಬಯಕೆ ಇರಲಿಲ್ಲ. ಗಣಿತ ಮತ್ತು ಖಗೋಳಶಾಸ್ತ್ರಗಳು ಆತನನ್ನು ಸೆಳೆದಿದ್ದವು.

ಕಾಲೇಜು ಸೇರಿದ ಸ್ವಲ್ಪ ಕಾಲದಲ್ಲಿಯೇ ತರುಣ ಬರ್ಗರ್ ಓದನ್ನು ನಿಲ್ಲಿಸಿ ಒಂದು ವರ್ಷದ ಸೈನಿಕ ಸೇವೆಗೆ ಹೋದರು. ಅಲ್ಲಿ ನಡೆದ ಘಟನೆಯೊಂದು ಅವರ ಬಾಳಿನ ದಿಕ್ಕನ್ನೇ ಬದಲಿಸಿತು. ವುರ್ಟ್ಸ್‌ಬರ್ಗ್ ಎಂಬಲ್ಲಿ ಕವಾಯತು ನಡೆಯುತ್ತಿದ್ದಾಗ ಅವರು ಏರಿದ್ದ ಕುದುರೆ ಬೆದರಿ ಮುಂಗಾಲೆತ್ತಿ ನಿಂತಿತು. ಬರ್ಗರ್ ಕೆಳಗುರುಳಿದರು. ಕುದುರೆಗಳು ಎಳೆದು ತರುತ್ತಿದ್ದ ಫಿರಂಗಿಯ ಗಾಡಿಯ ಚಕ್ರ ಅವರ ಸಮೀಪಕ್ಕೇ ಬಂದಿತ್ತು. ಗಾಡಿ ಕೊನೆಯ ಗಳಿಗೆಯಲ್ಲಿ ನಿಂತುದರಿಂದ ಪ್ರಾಣ ಉಳಿಯಿತು. ಅದೇ ಸಂಜೆ ತಂದೆಯಿಂದ ತಂತಿ ಬಂದಿತು. ದೂರದ ಮನೆಯಲ್ಲಿದ್ದ ಅಕ್ಕನಿಗೆ ತಮ್ಮನು ಅಪಾಯದಲ್ಲಿರುವನೆಂಬ ಭಾವನೆ ಬಲವಾಗಿ ಉಂಟಾಗಿ, ಅವಳ ಒತ್ತಾಯಕ್ಕಾಗಿ ತಂದೆ ಮಗನ ಕ್ಷೇಮವನ್ನು ವಿಚಾರಿಸಿದ್ದರು.

ಇದು ಕೇವಲ ಕಾಕತಾಳೀಯವಾಗಿರಬಹುದು. ಆದರೆ ಬರ್ಗರರ ಮನಸ್ಸು ಅದನ್ನು ಒಪ್ಪಲಿಲ್ಲ. ತನ್ನ ಭಯವೇ ಯಾವುದೋ ಶಕ್ತಿಯ ರೂಪದಲ್ಲಿ ಅಕ್ಕನ ಮನಸ್ಸನ್ನು ಮುಟ್ಟಿತೆಂದು ಅವರು ನಂಬಿದರು. ಮಿದುಳಿನಲ್ಲಿ ಶಕ್ತಿ ಹುಟ್ಟುವುದು ಹೇಗೆ, ಅದು ಮನಸ್ಸಿನ ವ್ಯಾಪಾರವಾಗಿ ಮಾರ್ಪಡುವುದು ಹೇಗೆ ಎಂಬ ಪ್ರಶ್ನೆಗಳು ಅವರನ್ನು ಬೆನ್ನಟ್ಟಿದವು. ಖಗೋಳಶಾಸ್ತ್ರವನ್ನು ತೊರೆದು ವೈದ್ಯಶಾಸ್ತ್ರವನ್ನು ಆರಿಸಿಕೊಂಡರು. 1897ರಲ್ಲಿ ಯೇನಾ ವಿಶ್ವವಿದ್ಯಾನಿಲಯದಿಂದ ವೈದ್ಯ ಪದವಿ ಪಡೆದು, ಅಲ್ಲಿಯೇ ಮನೋರೋಗ ಚಿಕಿತ್ಸಾಲಯದಲ್ಲಿ ಪ್ರಾಧ್ಯಾಪಕ ಆಟೋ ಬಿನ್ಸ್‌ವಾಂಗರರ ಕೈಕೆಳಗೆ ಕೆಲಸಕ್ಕೆ ಸೇರಿದರು. ನಿವೃತ್ತರಾಗುವವರೆಗೆ ಅದೇ ಅವರ ಕರ್ಮಭೂಮಿಯಾಯಿತು.

ಪ್ರಾಣಿಗಳ ಮಿದುಳಿನಲ್ಲಿ ವಿದ್ಯುತ್ತಿನ ಸಂಚಾರವಿದೆ ಎಂಬುದು ಆ ವೇಳೆಗೆ ತಿಳಿದಿತ್ತು. 1875ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ನಗರದ ರಿಚರ್ಡ್ ಕೇಟನ್ ಎಂಬ ವೈದ್ಯರು ಮೊಲ ಮತ್ತು ಕೋತಿಗಳ ಮಿದುಳಿನ ಮೇಲ್ಮೈಯಲ್ಲಿ ಅದನ್ನು ಕಂಡಿದ್ದರು. ಮನುಷ್ಯನ ಮಿದುಳಿನಲ್ಲಿ ಅದನ್ನು ಅಳೆದವರು ಯಾರೂ ಇರಲಿಲ್ಲ. ಬರ್ಗರ್ 1902ರಲ್ಲಿಯೇ ನಾಯಿಗಳ ಮಿದುಳಿನ ಮೇಲೆ ಪ್ರಯೋಗ ಆರಂಭಿಸಿದರು, ಫಲ ದೊರೆಯಲಿಲ್ಲ. ಮುಂದಿನ ವರ್ಷಗಳಲ್ಲಿ ಮತ್ತೆ ಯತ್ನಿಸಿದರು, ಮತ್ತೆ ನಿರಾಶೆಯಾಯಿತು. ಮಿದುಳಿನ ರಕ್ತಸಂಚಾರವನ್ನು ಪರೀಕ್ಷಿಸಿದರು. ಅದರ ಉಷ್ಣತೆಯನ್ನು ಅಳೆದರು. ಅವರು ಹುಡುಕುತ್ತಿದ್ದ ಉತ್ತರ ಅಲ್ಲಿಯೂ ಸಿಕ್ಕಲಿಲ್ಲ. 1911ರಲ್ಲಿ ಉರ್ಸುಲಾ ಫಾನ್ ಬ್ಯೂಲೋ ಎಂಬವರನ್ನು ವಿವಾಹವಾದರು. ಮೊದಲನೆಯ ಮಹಾಯುದ್ಧದಲ್ಲಿ ಸೈನ್ಯದ ವೈದ್ಯರಾಗಿ ಸೇವೆ ಸಲ್ಲಿಸಿದರು. 1919ರಲ್ಲಿ ಬಿನ್ಸ್‌ವಾಂಗರರ ಸ್ಥಾನದಲ್ಲಿ ಪ್ರಾಧ್ಯಾಪಕರೂ ಚಿಕಿತ್ಸಾಲಯದ ನಿರ್ದೇಶಕರೂ ಆದರು.

ಬರ್ಗರ್ ಮಿತಭಾಷಿ; ಶಿಸ್ತಿನ ಮನುಷ್ಯ. ದಿನದ ಪ್ರತಿಯೊಂದು ಕೆಲಸಕ್ಕೂ ಅವರಲ್ಲಿ ನಿಯತವಾದ ವೇಳೆಯಿತ್ತು. ಚಿಕಿತ್ಸಾಲಯದ ಕೆಲಸವನ್ನು ಮುಗಿಸಿ, ಸಂಜೆಯ ಹೊತ್ತಿನಲ್ಲಿ ತಮ್ಮ ಸಣ್ಣ ಪ್ರಯೋಗಶಾಲೆಯನ್ನು ಸೇರುತ್ತಿದ್ದರು. ಅಲ್ಲಿ ಅವರು ಏನು ಮಾಡುತ್ತಿರುವರೆಂಬುದು ಸಹೋದ್ಯೋಗಿಗಳಲ್ಲಿ ಹಲವರಿಗೆ ತಿಳಿದೇ ಇರಲಿಲ್ಲ. ಸೋಲು ಗೆಲುವುಗಳನ್ನು ಅವರು ತಮ್ಮ ದಿನಚರಿಯ ಪುಟಗಳಿಗೆ ಮಾತ್ರ ಹೇಳಿಕೊಳ್ಳುತ್ತಿದ್ದರು.

ಕೊನೆಗೆ 1924ರ ಜುಲೈ 6ರಂದು ಆ ದೀರ್ಘ ತಪಸ್ಸು ಫಲಿಸಿತು. ಶಸ್ತ್ರವೈದ್ಯ ನಿಕೋಲಾಯ್ ಗುಲೆಕೆ ಎಂಬವರು ಹದಿನೇಳು ವರ್ಷದ ಹುಡುಗನೊಬ್ಬನಿಗೆ ತಲೆಯ ಶಸ್ತ್ರಚಿಕಿತ್ಸೆ ನಡೆಸಿದ್ದರು. ತಲೆಬುರುಡೆಯ ಮೂಳೆ ತೆಗೆದಿದ್ದ ಭಾಗದಲ್ಲಿ ಬರ್ಗರ್ ವಿದ್ಯುದಗ್ರಗಳನ್ನಿಟ್ಟು, ಅವುಗಳನ್ನು ಗ್ಯಾಲ್ವನೋಮೀಟರ್ ಎಂಬ ಸೂಕ್ಷ್ಮ ಮಾಪಕಕ್ಕೆ ಜೋಡಿಸಿದರು. ಮಾಪಕದಲ್ಲಿ ಬಹು ಸಣ್ಣದಾದ ತೂಗಾಟ ಕಾಣಿಸಿತು. ಮನುಷ್ಯನ ಮಿದುಳಿನ ವಿದ್ಯುತ್ತು ಮೊದಲ ಬಾರಿಗೆ ಮನುಷ್ಯನ ಕಣ್ಣಿಗೆ ಬಿದ್ದ ದಿನವದು. ಆಗ ಬರ್ಗರರಿಗೆ ಐವತ್ತೊಂದು ವರ್ಷ.

ಬೇರೊಬ್ಬರಾಗಿದ್ದರೆ ಮರುದಿನವೇ ಲೋಕಕ್ಕೆ ಸಾರುತ್ತಿದ್ದರು. ಬರ್ಗರ್ ಐದು ವರ್ಷ ಮೌನವಾಗಿದ್ದರು. ತಾವು ಕಂಡದ್ದು ನಿಜವಾಗಿಯೂ ಮಿದುಳಿನ ವಿದ್ಯುತ್ತೇ ಎಂಬ ಸಂಶಯ ಅವರನ್ನು ಕಾಡಿತು. ಅದು ಹೃದಯದ ವಿದ್ಯುತ್ತಾಗಿರಬಹುದು, ನೆತ್ತಿಯ ಸ್ನಾಯುಗಳದಾಗಿರಬಹುದು, ಕಣ್ಣಿನ ಚಲನೆಯಿಂದಲೋ ನಾಡಿಯ ಮಿಡಿತದಿಂದಲೋ ಉಂಟಾಗಿರಬಹುದು. ಒಂದೊಂದು ಸಂಶಯವನ್ನೂ ಒಂದೊಂದು ಪ್ರಯೋಗದಿಂದ ಪರಿಹರಿಸಿಕೊಳ್ಳುತ್ತಾ ನಡೆದರು. ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡರು. ಮಗ ಕ್ಲಾಸ್‌ನ ತಲೆಗೂ ವಿದ್ಯುದಗ್ರಗಳನ್ನು ಜೋಡಿಸಿದರು. ಈ ಕಾರ್ಯ ಎಷ್ಟು ಕಷ್ಟದ್ದೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಟಾರ್ಚಿನ ಒಂದು ಶೆಲ್ಲಿನ ವಿದ್ಯುದೊತ್ತಡ 1.5 ವೋಲ್ಟ್. ನೆತ್ತಿಯ ಮೇಲೆ ದೊರೆಯುವ ಮಿದುಳಿನ ಅಲೆಯ ಒತ್ತಡ ಸುಮಾರು 50 ಮೈಕ್ರೋವೋಲ್ಟ್ ಎಂದಿಟ್ಟುಕೊಂಡರೆ, ಅದು ಆ ಶೆಲ್ಲಿನ ಮೂವತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ. ಅಷ್ಟು ಕ್ಷೀಣವಾದ ಸ್ಪಂದನವನ್ನು ಬೆಳಕಿನ ಕಿರಣದ ಸಹಾಯದಿಂದ ಚಲಿಸುವ ಛಾಯಾಚಿತ್ರ ಕಾಗದದ ಮೇಲೆ ಗೆರೆಯಾಗಿ ಮೂಡಿಸಬೇಕಾಗಿತ್ತು.

1929ರಲ್ಲಿ ಬರ್ಗರ್ ತಮ್ಮ ಮೊದಲ ಪ್ರಬಂಧವನ್ನು ಪ್ರಕಟಿಸಿದರು. ಆ ಗೆರೆಗಳಿಗೆ ಅವರು ಕೊಟ್ಟ ಹೆಸರಿನಿಂದಲೇ ಇಂದಿನ ಎಲೆಕ್ಟ್ರೋಎನ್‌ಸೆಫಲೋಗ್ರಾಮ್, ಅಂದರೆ ಇ.ಇ.ಜಿ., ಎಂಬ ಪದ ಬಂದಿದೆ. ಕಣ್ಣು ಮುಚ್ಚಿ ಆರಾಮವಾಗಿರುವ ಮನುಷ್ಯನ ಮಿದುಳಿನಲ್ಲಿ ಸೆಕೆಂಡಿಗೆ ಸುಮಾರು ಹತ್ತು ಬಾರಿ ಏಳುವ ಕ್ರಮವಾದ ಅಲೆಗಳನ್ನು ಅವರು ಗುರುತಿಸಿದರು. ಇವೇ ಆಲ್ಫಾ ಅಲೆಗಳು. ಕಣ್ಣು ತೆರೆದೊಡನೆ, ಅಥವಾ ಮನಸ್ಸನ್ನು ಒಂದು ಲೆಕ್ಕದಲ್ಲಿ ತೊಡಗಿಸಿದೊಡನೆ, ಈ ಅಲೆಗಳು ಅಡಗಿ ಅವುಗಳ ಸ್ಥಾನದಲ್ಲಿ ಇನ್ನೂ ಸಣ್ಣವೂ ವೇಗವಾದವೂ ಆದ ಬೀಟಾ ಅಲೆಗಳು ತೋರುತ್ತವೆ. ಅರಿವಳಿಕೆಗೆ ಒಳಗಾದವರ, ತಲೆಗೆ ಪೆಟ್ಟು ಬಿದ್ದವರ, ಮೂರ್ಛೆರೋಗಿಗಳ ಗೆರೆಗಳನ್ನೂ ಅವರು ಸಂಗ್ರಹಿಸಿದರು. ಪ್ರಜ್ಞೆಯ ಸ್ಥಿತಿ ಬದಲಾದಂತೆ ಅಲೆಗಳ ರೂಪವೂ ಬದಲಾಗುವುದೆಂಬುದು ಸ್ಪಷ್ಟವಾಯಿತು.

ಆದರೂ ವಿದ್ವತ್ ಪ್ರಪಂಚ ಅವರ ಮಾತನ್ನು ನಂಬಲಿಲ್ಲ. ಮನೋರೋಗ ವೈದ್ಯರೊಬ್ಬರು ಸಂಜೆಯ ವೇಳೆ ಒಂಟಿಯಾಗಿ ನಡೆಸಿದ ಪ್ರಯೋಗಗಳನ್ನು ಅನೇಕರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಬರ್ಗರ್ ಜಗಳಕ್ಕೆ ನಿಲ್ಲದೆ ಪ್ರಬಂಧದ ಮೇಲೆ ಪ್ರಬಂಧ ಬರೆಯುತ್ತಾ ಹೋದರು. 1934ರಲ್ಲಿ ಕೇಂಬ್ರಿಜ್‌ನ ಎಡ್ಗರ್ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ಎಂಬ ವಿಜ್ಞಾನಿಗಳು ಅವೇ ಪ್ರಯೋಗಗಳನ್ನು ತಾವೇ ನಡೆಸಿ ನೋಡಿದರು. ಏಡ್ರಿಯನ್ 1932ರಲ್ಲಿ ನೊಬೆಲ್ ಪಾರಿತೋಷಕ ಪಡೆದಿದ್ದವರು. ಬರ್ಗರ್ ಹೇಳಿದ ಅಲೆಗಳು ಸತ್ಯವೆಂದು ಅವರು ಸಾರಿದ ಮೇಲೆ ಲೋಕದ ಕಣ್ಣು ತೆರೆಯಿತು. ಮರುವರ್ಷ ಅಮೆರಿಕದ ಹಾರ್ವರ್ಡ್‌ನಲ್ಲಿ ಗಿಬ್ಸ್, ಡೇವಿಸ್, ಲೆನಾಕ್ಸ್ ಎಂಬ ಮೂವರು, ಮಕ್ಕಳು ಕೆಲವು ಕ್ಷಣ ಮೈಮರೆತಂತೆ ನಿಲ್ಲುವ ಒಂದು ಬಗೆಯ ಮೂರ್ಛೆಯಲ್ಲಿ ಸೆಕೆಂಡಿಗೆ ಮೂರರಂತೆ ಚೂಪಾದ ವಿಶಿಷ್ಟ ಅಲೆಗಳು ಏಳುವುದನ್ನು ತೋರಿಸಿಕೊಟ್ಟರು. 1936ರಲ್ಲಿ ಇಂಗ್ಲೆಂಡಿನ ಗ್ರೇ ವಾಲ್ಟರ್ ಮಿದುಳಿನ ಗಡ್ಡೆಯಿರುವ ಜಾಗವನ್ನು ನಿಧಾನವಾದ ಅಲೆಗಳಿಂದ ಪತ್ತೆ ಮಾಡಿದರು.

ಮೂರ್ಛೆರೋಗದ ವಿಷಯದಲ್ಲಿ ಇದರಿಂದ ಆದ ಉಪಕಾರ ಅಪಾರ. ಪ್ರಾಚೀನ ಕಾಲದಿಂದಲೂ ಆ ರೋಗವನ್ನು ದೆವ್ವದ ಕಾಟವೆಂದೋ ಪಾಪದ ಫಲವೆಂದೋ ಜನರು ಭಾವಿಸಿದ್ದರು. ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅವು ಸಣ್ಣ ವಿದ್ಯುತ್ ಸಂಕೇತಗಳ ಮೂಲಕ ಒಂದರೊಡನೊಂದು ವ್ಯವಹರಿಸುತ್ತವೆ. ಸಂತೆಯಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ವ್ಯಾಪಾರದ ಮಾತನಾಡುತ್ತಿರುವಾಗ ಸಂತೆ ಸಾಗುತ್ತದೆ. ಎಲ್ಲರೂ ಏಕಕಾಲದಲ್ಲಿ ಒಂದೇ ಕೂಗನ್ನು ಕೂಗತೊಡಗಿದರೆ ವ್ಯಾಪಾರ ನಿಲ್ಲುತ್ತದೆ. ಅಂತೆಯೇ ಅಸಂಖ್ಯಾತ ನರಕೋಶಗಳು ಮಿತಿಮೀರಿ, ಒಟ್ಟೊಟ್ಟಿಗೆ ವಿದ್ಯುತ್ತನ್ನು ಹೊಮ್ಮಿಸಿದಾಗ ಮೂರ್ಛೆಯ ಸೆಳವು ಉಂಟಾಗುತ್ತದೆ. ಇ.ಇ.ಜಿ.ಯ ಗೆರೆಗಳು ಈ ಸತ್ಯವನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದವು. ದೆವ್ವಕ್ಕೆ ಅಲ್ಲಿ ಸ್ಥಳವಿರಲಿಲ್ಲ.

ಬರ್ಗರರ ಗೆರೆಗಳ ಮಹತ್ವ ಎಲ್ಲಕ್ಕಿಂತ ಹೆಚ್ಚಾಗಿ ತಿಳಿದುಬಂದುದು ಪ್ರಜ್ಞೆಯಿಲ್ಲದ ರೋಗಿಗಳ ಹಾಸಿಗೆಯ ಬಳಿಯಲ್ಲಿ. ಸೆಳವು ಎಂದರೆ ಕೈಕಾಲುಗಳು ಅದುರುವುದು, ಹಲ್ಲು ಕಚ್ಚುವುದು, ಬಾಯಲ್ಲಿ ನೊರೆ ಬರುವುದು ಎಂದು ನಾವು ತಿಳಿದಿದ್ದೇವೆ. ಆದರೆ ಹೊರಗೆ ಯಾವ ಅದುರುವಿಕೆಯೂ ಇಲ್ಲದೆ ಮಿದುಳಿನಲ್ಲಿ ಮಾತ್ರ ಸೆಳವು ನಡೆಯುತ್ತಿರುವುದು ಸಾಧ್ಯ. ತಲೆಗೆ ಪೆಟ್ಟು ಬಿದ್ದವರು, ಮಿದುಳಿನಲ್ಲಿ ರಕ್ತಸ್ರಾವವಾದವರು, ಮಿದುಳಿನ ಉರಿಯೂತಕ್ಕೆ ತುತ್ತಾದವರು ಪ್ರಜ್ಞೆ ತಪ್ಪಿ ನಿಶ್ಚಲರಾಗಿ ಮಲಗಿರುತ್ತಾರೆ. ನೋಡುವವರಿಗೆ ಅದು ಗಾಢನಿದ್ರೆಯಂತೆ ಕಾಣುತ್ತದೆ. ಒಳಗೆ ಮಾತ್ರ ಬೂದಿ ಮುಚ್ಚಿದ ಕೆಂಡದಂತೆ ಸೆಳವು ಮುಂದುವರಿಯುತ್ತಿರಬಹುದು. 2000ದಲ್ಲಿ ಅಮೆರಿಕದ ವರ್ಜೀನಿಯಾದ ವೈದ್ಯರು ಸೆಳವಿನ ಯಾವ ಬಾಹ್ಯ ಚಿಹ್ನೆಯೂ ಇಲ್ಲದ 236 ಮಂದಿ ಪ್ರಜ್ಞಾಹೀನ ರೋಗಿಗಳನ್ನು ಪರೀಕ್ಷಿಸಿದರು. ಅವರಲ್ಲಿ ನೂರಕ್ಕೆ ಎಂಟು ಮಂದಿಯ ಮಿದುಳಿನಲ್ಲಿ ಎಡೆಬಿಡದ ಸೆಳವು ನಡೆಯುತ್ತಿತ್ತು. 2004ರಲ್ಲಿ ನ್ಯೂಯಾರ್ಕಿನಲ್ಲಿ 570 ರೋಗಿಗಳ ಮಿದುಳಿನ ಅಲೆಗಳನ್ನು ಸತತವಾಗಿ ಗಮನಿಸಿದಾಗ ನೂರಕ್ಕೆ ಹತ್ತೊಂಬತ್ತು ಮಂದಿಯಲ್ಲಿ ಸೆಳವು ಕಂಡುಬಂದಿತು. ಆ ಪೈಕಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಯ ಸೆಳವು ಇ.ಇ.ಜಿ.ಯ ಹೊರತು ಬೇರೆ ಯಾವುದರಿಂದಲೂ ತಿಳಿಯುವಂತಿರಲಿಲ್ಲ.

ಹೀಗೆ ಗುರುತಿಸಿದ ಸೆಳವಿಗೆ ಚಿಕಿತ್ಸೆಯುಂಟು. ಐದು ನಿಮಿಷಗಳಿಗೂ ಮೀರಿ ಕೈಕಾಲು ಅದುರುವ ಸೆಳವು ನಿಲ್ಲದಿದ್ದರೆ ಅದನ್ನು ತುರ್ತು ಸ್ಥಿತಿಯೆಂದು ವೈದ್ಯರು ಭಾವಿಸುತ್ತಾರೆ. ಮೊದಲು ಲೋರಾಜೆಪಾಮ್ ಮೊದಲಾದ ಔಷಧಗಳನ್ನು ಕೊಡುತ್ತಾರೆ. ಅದರಿಂದ ನಿಲ್ಲದಿದ್ದರೆ ಲೆವೆಟಿರಾಸೆಟಮ್, ವಾಲ್ಪ್ರೋಯೇಟ್, ಫಾಸ್ಫೆನಿಟಾಯಿನ್ ಎಂಬ ಮೂರರಲ್ಲಿ ಒಂದನ್ನು ಬಳಸಬಹುದು. ಇವು ಮೂರೂ ಸರಿಸುಮಾರು ಒಂದೇ ಪ್ರಮಾಣದಲ್ಲಿ, ಅಂದರೆ ಅರ್ಧದಷ್ಟು ರೋಗಿಗಳಲ್ಲಿ, ಫಲಕಾರಿಯೆಂದು 2019ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅದಕ್ಕೂ ಬಗ್ಗದ ಸೆಳವಿಗೆ ಅರಿವಳಿಕೆಯ ಔಷಧ ಕೊಟ್ಟು, ಯಂತ್ರದಿಂದ ಉಸಿರಾಟ ನಡೆಸಬೇಕಾಗುತ್ತದೆ. ಅಂತಹ ರೋಗಿಯ ದೇಹ ಏನನ್ನೂ ಹೇಳದು. ಸೆಳವು ನಿಂತಿತೇ ಇಲ್ಲವೇ ಎಂಬುದನ್ನು ಅಲೆಗಳೇ ಹೇಳಬೇಕು. ಅಲೆಗಳನ್ನು ಓದಲು ವಿವೇಕವೂ ಬೇಕು. ಹೃದಯ ನಿಂತು ಮತ್ತೆ ಚಲಿಸಿದ ಬಳಿಕ ಪ್ರಜ್ಞೆಗೆ ಬಾರದ 172 ರೋಗಿಗಳನ್ನು ಕುರಿತ ಅಧ್ಯಯನವೊಂದು ಯೂರೋಪಿನಲ್ಲಿ ನಡೆದು 2022ರಲ್ಲಿ ಪ್ರಕಟವಾಯಿತು. ಅವರ ಇ.ಇ.ಜಿ.ಯಲ್ಲಿ ಸೆಳವನ್ನು ಹೋಲುವ ಅಲೆಗಳಿದ್ದವು. ಆ ಅಲೆಗಳನ್ನು ಔಷಧದಿಂದ ಅಡಗಿಸಲು ಯತ್ನಿಸಿದುದರಿಂದ ರೋಗಿಗಳ ಗತಿಯೇನೂ ಉತ್ತಮವಾಗಲಿಲ್ಲ. ಗೆರೆಯ ಹಿಂದಿರುವ ಕಾರಣವನ್ನು ಅರಿಯದೆ ಗೆರೆಯನ್ನಷ್ಟೇ ತಿದ್ದಿದರೆ ಸಾಲದೆಂಬುದು ಇದರಿಂದ ತಿಳಿದ ಪಾಠ.

ಇನ್ನು ಬರ್ಗರರ ಬಾಳಿನ ಕೊನೆಯ ಅಧ್ಯಾಯಕ್ಕೆ ಬರೋಣ. 1933ರಲ್ಲಿ ಹಿಟ್ಲರನ ನಾಜಿ ಪಕ್ಷ ಜರ್ಮನಿಯ ಅಧಿಕಾರವನ್ನು ಹಿಡಿಯಿತು. ಅದೇ ವರ್ಷ ಜುಲೈಯಲ್ಲಿ ಆ ಸರ್ಕಾರ ಕ್ರೂರವಾದ ಕಾಯಿದೆಯೊಂದನ್ನು ಮಾಡಿತು. ಕೆಲವು ರೋಗಗಳು ವಂಶದಿಂದ ಬರುವವೆಂದು ಸಾರಿ, ಆ ರೋಗಿಗಳಿಗೆ ಮಕ್ಕಳಾಗದಂತೆ ಬಲಾತ್ಕಾರವಾಗಿ ಶಸ್ತ್ರಕ್ರಿಯೆ ಮಾಡಲು ಅದು ಅವಕಾಶ ಕೊಟ್ಟಿತು. ಮೂರ್ಛೆರೋಗವೂ ಆ ಪಟ್ಟಿಯಲ್ಲಿತ್ತು. ಸುಮಾರು ನಾಲ್ಕು ಲಕ್ಷ ಮಂದಿ ಈ ಕಾಯಿದೆಗೆ ಬಲಿಯಾದರು. ಯಾರಿಗೆ ಶಸ್ತ್ರಕ್ರಿಯೆ ಆಗಬೇಕೆಂದು ತೀರ್ಮಾನಿಸಲು ವೈದ್ಯರೂ ನ್ಯಾಯಾಧೀಶರೂ ಕೂಡಿದ ವಿಶೇಷ ನ್ಯಾಯಾಲಯಗಳಿದ್ದವು. ಬರ್ಗರ್ ನಾಜಿಗಳ ವಿರೋಧಿಯಾಗಿದ್ದರೆಂದೂ ಅವರಿಂದ ಪೀಡಿತರಾದರೆಂದೂ ಬಹುಕಾಲ ಒಂದು ಕಥೆ ಪ್ರಚಾರದಲ್ಲಿತ್ತು. ಆ ಕಾಲದ ಕಡತಗಳನ್ನು ಇತಿಹಾಸಕಾರರು ಶೋಧಿಸಿದಾಗ ಬೇರೆಯೇ ಸಂಗತಿ ಹೊರಬಿದ್ದಿತು. ಬರ್ಗರ್ ಯೇನಾ ನಗರದ ಅಂತಹ ಮೇಲ್ಮನವಿ ನ್ಯಾಯಾಲಯದಲ್ಲಿ ಸದಸ್ಯರಾಗಿ ಕುಳಿತು ಆ ತೀರ್ಪುಗಳಲ್ಲಿ ಪಾಲ್ಗೊಂಡಿದ್ದರು. ನಾಜಿಗಳ ಎಸ್.ಎಸ್. ಸಂಘಟನೆಗೆ ಧನಸಹಾಯ ನೀಡುವ ಬೆಂಬಲಿಗ ಸದಸ್ಯರೂ ಆಗಿದ್ದರು.

ಮೂರ್ಛೆರೋಗಿಯ ತಲೆಯೊಳಗಿನ ಕತ್ತಲೆಗೆ ಬೆಳಕು ತಂದವರು, ಅದೇ ರೋಗಿಯ ಬದುಕಿನ ಹಕ್ಕನ್ನು ಕಸಿಯುವ ಪೀಠದಲ್ಲಿ ಕುಳಿತರು. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯವಾಯಿತು. ಬುದ್ಧಿಯ ಸೂಕ್ಷ್ಮತೆಯೊಂದೇ ಮನುಷ್ಯನನ್ನು ಅನ್ಯಾಯದಿಂದ ಕಾಪಾಡಲಾರದು. ತಮ್ಮ ಗೆರೆಗಳನ್ನು ಐದು ವರ್ಷ ಸಂಶಯದಿಂದ ಪರೀಕ್ಷಿಸಿದ ಬರ್ಗರ್, ಅಧಿಕಾರದಲ್ಲಿದ್ದವರ ಕಾಯಿದೆಯನ್ನು ಅಂತಹ ಪರೀಕ್ಷೆಗೆ ಒಡ್ಡಲಿಲ್ಲ.

1938ರಲ್ಲಿ, ಅರವತ್ತೈದನೆಯ ವಯಸ್ಸಿನಲ್ಲಿ ಬರ್ಗರ್ ನಿವೃತ್ತರಾದರು. 1940ರಲ್ಲಿ ಮನಸ್ಸನ್ನು ಕುರಿತು ಬರೆದ ಸಣ್ಣ ಪುಸ್ತಕದಲ್ಲಿ ತಾರುಣ್ಯದ ಆ ಅಪಘಾತವನ್ನೂ ಅಕ್ಕನ ತಂತಿಯನ್ನೂ ಸ್ಮರಿಸಿಕೊಂಡರು. ಒಬ್ಬರ ಮನಸ್ಸು ಮತ್ತೊಬ್ಬರ ಮನಸ್ಸನ್ನು ದೂರದಿಂದ ಮುಟ್ಟುವುದೆಂಬ ಅವರ ನಂಬಿಕೆಗೆ ಅವರ ಅಲೆಗಳಿಂದ ಯಾವ ಆಧಾರವೂ ದೊರೆಯಲಿಲ್ಲ. ಆ ಕ್ಷೀಣವಾದ ವಿದ್ಯುತ್ತು ನೆತ್ತಿಯನ್ನು ಮುಟ್ಟುವುದೇ ಕಷ್ಟ. ಊರುಗಳನ್ನು ದಾಟುವುದೆಲ್ಲಿ ಬಂತು? ಅವರು ಹುಡುಕಿದುದು ಸಿಕ್ಕಲಿಲ್ಲ. ಹುಡುಕುವ ಹಾದಿಯಲ್ಲಿ ಸಿಕ್ಕಿದುದು ಲೋಕಕ್ಕೆ ಹೆಚ್ಚು ಉಪಯುಕ್ತವಾಯಿತು. ಕೊನೆಗಾಲದಲ್ಲಿ ಅವರನ್ನು ಖಿನ್ನತೆಯ ರೋಗ ಆವರಿಸಿತು. ಅನೇಕರ ಮನೋರೋಗಕ್ಕೆ ಮದ್ದು ಕೊಟ್ಟವರಿಗೆ ತಮ್ಮ ರೋಗಕ್ಕೆ ಮದ್ದು ದೊರೆಯದೆ ಹೋಯಿತು. 1941ರ ಜೂನ್ 1ರಂದು ಯೇನಾದ ಆಸ್ಪತ್ರೆಯಲ್ಲಿ ಅವರು ತಮ್ಮ ಬಾಳನ್ನು ತಾವೇ ಕೊನೆಗಾಣಿಸಿಕೊಂಡರು.

ಬರ್ಗರ್ ತೋರಿದ ವಿಧಾನ ಇಂದು ದೇಶದೇಶಗಳಲ್ಲಿ ಬಳಕೆಯಲ್ಲಿದೆ. ನಮ್ಮ ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ನಿಮ್ಹಾನ್ಸ್, ಮೊದಲಾದ ಆಸ್ಪತ್ರೆಗಳಲ್ಲಿ ಇ.ಇ.ಜಿ. ಪರೀಕ್ಷೆ ದಿನನಿತ್ಯದ ಕಾರ್ಯವಾಗಿದೆ. ಛಾಯಾಚಿತ್ರದ ಕಾಗದದ ಬದಲು ಕಂಪ್ಯೂಟರಿನ ಪರದೆಯ ಮೇಲೆ ಅಲೆಗಳು ಮೂಡುತ್ತವೆ. ನೆತ್ತಿಯ ಮೇಲೆ ಸಣ್ಣ ಬಿಲ್ಲೆಗಳನ್ನು ಅಂಟಿಸಿ ನಡೆಸುವ ಈ ಪರೀಕ್ಷೆಯಿಂದ ರೋಗಿಗೆ ನೋವಾಗುವುದಿಲ್ಲ.

ಇಷ್ಟಾದರೂ ಮೂರ್ಛೆ ಬಂದವರ ಕೈಗೆ ಕಬ್ಬಿಣದ ಬೀಗದ ಕೈ ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದು ನಮ್ಮಲ್ಲಿ ಇನ್ನೂ ಪೂರ್ತಿ ಅಳಿದಿಲ್ಲ. ಬೀಗದ ಕೈಯಿಂದ ಸೆಳವು ನಿಲ್ಲುವುದಿಲ್ಲ; ಬಹುಪಾಲು ಸೆಳವುಗಳು ಒಂದೆರಡು ನಿಮಿಷಗಳಲ್ಲಿ ತಾವಾಗಿಯೇ ನಿಲ್ಲುತ್ತವೆ. ಅಂತಹ ಸಮಯದಲ್ಲಿ ಸುತ್ತಮುತ್ತಲಿನ ಗಟ್ಟಿ ವಸ್ತುಗಳನ್ನು ಸರಿಸಿ, ತಲೆಯ ಕೆಳಗೆ ಮೆತ್ತನೆಯ ಬಟ್ಟೆಯಿಟ್ಟು, ರೋಗಿಯನ್ನು ಒಂದು ಮಗ್ಗುಲಿಗೆ ಮಲಗಿಸಬೇಕು. ಬಾಯಿಗೆ ಏನನ್ನೂ ಹಾಕಬಾರದು. ಕೈಕಾಲುಗಳನ್ನು ಅದುಮಿ ಹಿಡಿಯಬಾರದು. ಗಡಿಯಾರ ನೋಡುತ್ತಿರಬೇಕು. ಐದು ನಿಮಿಷ ಮೀರಿದರೆ, ಅಥವಾ ಸೆಳವು ನಿಂತ ಮೇಲೂ ಪ್ರಜ್ಞೆ ಮರಳದಿದ್ದರೆ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಹೊರಗಿನ ಅದುರುವಿಕೆ ನಿಂತರೂ ಒಳಗಿನ ಸೆಳವು ಕೆಲವೊಮ್ಮೆ ಮುಂದುವರಿಯುತ್ತಿರಬಹುದೆಂಬುದು ಈಗ ನಮಗೆ ತಿಳಿದಿದೆ.

ಮಾತನಾಡಲಾರದೆ ಮಲಗಿರುವ ರೋಗಿಯೂ ಮನುಷ್ಯನೇ; ಅವನ ಮಿದುಳು ಏನನ್ನೋ ಹೇಳುತ್ತಿರುತ್ತದೆ. ಅದನ್ನು ಓದುವ ಲಿಪಿಯನ್ನು ಹ್ಯಾನ್ಸ್ ಬರ್ಗರ್ ನಮಗೆ ಕೊಟ್ಟರು. ಆ ಕೊಡುಗೆಗಾಗಿ ಅವರಿಗೆ ಋಣಿಗಳಾಗಿರೋಣ. ಅವರ ತಾಳ್ಮೆಯನ್ನು ಮೈಗೂಡಿಸಿಕೊಂಡು, ಅವರು ಎಡವಿದ ಜಾಗದಲ್ಲಿ ನಾವು ಎಡವದಂತೆ ಎಚ್ಚರವಹಿಸೋಣ. ರೋಗವನ್ನು ಅರಿಯುವ ಬುದ್ಧಿಯೊಡನೆ ರೋಗಿಯನ್ನು ಗೌರವಿಸುವ ಹೃದಯವೂ ಇದ್ದಾಗಲೇ ವೈದ್ಯವಿದ್ಯೆ ಸಾರ್ಥಕವಾಗುತ್ತದೆ.